ಮುಚ್ಚುಮರೆ ಶಾಸ್ತ್ರ ಸಂಗ್ರಹ: ಮೇಟಗಳ್ಳಿ ಪಾಠ

ಪೀಠಿಕೆ

ಮೈಸೂರಿಗೆ ಶಾಸ್ತ್ರಗ್ರಂಥಗಳು ಹೊಸವಲ್ಲ. 1905ರಲ್ಲಿ ಇಲ್ಲಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಗರಿಯ ಕಟ್ಟೊಂದರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಗಿ ಹೊರಬಂತು. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಗ್ರಂಥವನ್ನು ಬೆಳಕಿಗೆ ತಂದ ಇದೇ ಊರಿನಲ್ಲಿ ಮನೆಮನೆಯಲ್ಲೂ ಆಚರಣೆಯಲ್ಲಿರುವ ಇನ್ನೊಂದು ಶಾಸ್ತ್ರ ಮಾತ್ರ ಇನ್ನೂ ಅಚ್ಚಿನ ಮನೆ ಕಂಡಿಲ್ಲ. ಅದೇ ಮುಚ್ಚುಮರೆ ಶಾಸ್ತ್ರ. ಮಕ್ಕಳಿಗೆ ಅವರ ಮೈಯ ವಿಚಾರ ಒಂದಕ್ಷರವನ್ನೂ ಹೇಳದೆ ಅವರನ್ನು ದೊಡ್ಡವರನ್ನಾಗಿ ಮಾಡುವುದು ಹೇಗೆ ಎಂಬುದನ್ನು ಇದು ತಿಳಿಸುತ್ತದೆ.

ಈ ಶಾಸ್ತ್ರಕ್ಕೆ ಊರೂರಿಗೂ ಪಾಠಾಂತರಗಳಿವೆ. ನಾವು ಆಯ್ದುಕೊಂಡದ್ದು ಮೇಟಗಳ್ಳಿ ಪಾಠ. ಕಾರಣವುಂಟು. ಕೆ.ಆರ್.ಎಸ್. ರಸ್ತೆಯ ಈ ಹಳ್ಳಿ ನಗರದ ಹೊಟ್ಟೆಗೆ ಸೇರಿ ಕೈಗಾರಿಕಾ ಪ್ರದೇಶವಾಯಿತು. ಹಳೆಯ ಕೇರಿಯೂ ಇದೆ, ಹೊಸ ಬಡಾವಣೆಯೂ ಇದೆ. ವಿಕ್ರಾಂತ್ ಎಂದು ಹುಟ್ಟಿ ಜೆ.ಕೆ. ಆದ ಟೈರ್ ಕಾರ್ಖಾನೆಯೂ ಇದೆ, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳೂ ಇದ್ದಾರೆ. ಪಕ್ಕದ ಹೆಬ್ಬಾಳಿನಲ್ಲಿ ಇನ್ಫೋಸಿಸ್, ದಕ್ಷಿಣಕ್ಕೆ ಪಂಚಾಂಗಕ್ಕೆ ಹೆಸರಾದ ಒಂಟಿಕೊಪ್ಪಲು. ಕರ್ನಾಟಕದಲ್ಲಿ ಎಷ್ಟು ಬಗೆಯ ಮೌನಗಳಿವೆಯೋ ಅಷ್ಟೂ ಇಲ್ಲಿ ಕಾಲ್ನಡಿಗೆಯ ದೂರದಲ್ಲಿ ಸಿಗುತ್ತವೆ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಬೇಕಲ್ಲ. ವಿಷಯ: ಹೇಳದಿರುವುದು. ಪ್ರಯೋಜನ: ಹೇಳದೆ ಕೆಟ್ಟದ್ದರ ಲೆಕ್ಕ ಹಾಕುವುದು. ಸಂಬಂಧ: ಹೇಳಬೇಕಾದವರಿಗೂ ಕೇಳಬೇಕಾದವರಿಗೂ ನಡುವೆ ಇರಬೇಕಾದ್ದು, ಇಲ್ಲದ್ದು. ಅಧಿಕಾರಿ: ಟೀವಿಯಲ್ಲಿ ಕಾಂಡೋಮ್ ಜಾಹೀರಾತು ಬಂದೊಡನೆ ಕೆಮ್ಮಿ ರಿಮೋಟ್ ಹುಡುಕಿದವರು ಯಾರೇ ಆಗಲಿ, ಈ ಗ್ರಂಥ ಓದಲು ಯೋಗ್ಯರು.

1. ಅಭಾವ ಪ್ರಕರಣ

ಶಾಲೆಯಲ್ಲಿ ಲೈಂಗಿಕ ಶಿಕ್ಷಣವೆಂಬ ಪದಾರ್ಥವನ್ನು ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ವಾಪಸಾಗಿದ್ದಾರೆ. ಅದನ್ನು ಅರಿಯುವ ದಾರಿ ಅದರ ಅಭಾವ. ಅನ್ನಂಭಟ್ಟನ ತರ್ಕಸಂಗ್ರಹ ಅಭಾವದಲ್ಲಿ ನಾಲ್ಕು ಬಗೆ ಹೇಳುತ್ತದೆ. ತಾರ್ಕಿಕರ ಖಾಯಂ ಉದಾಹರಣೆ ಮಡಕೆ. ಮೇಟಗಳ್ಳಿಯವರಿಗೆ ಕುಂಬಾರಕೊಪ್ಪಲು ನೆರೆಯಲ್ಲೇ ಇರುವುದರಿಂದ ವಿವರಿಸುವ ಕಷ್ಟವಿಲ್ಲ.

ಮೊದಲನೆಯದು ಪ್ರಾಗಭಾವ. ಮಡಕೆ ಹುಟ್ಟುವ ಮುಂಚೆ ಮಡಕೆ ಇಲ್ಲದಿರುವುದು. ಇದಕ್ಕೆ ಆದಿಯಿಲ್ಲ, ಆದರೆ ಅಂತ್ಯವುಂಟು ಎನ್ನುತ್ತಾರೆ. ಮಡಕೆಯಾದ ದಿನ ಅದು ಮುಗಿಯಬೇಕು. ನಮ್ಮಲ್ಲಿ ಅಂತ್ಯವೂ ಇಲ್ಲ. 1980ರಲ್ಲಿ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆ ಬಂತು. 2005ರಲ್ಲಿ ತಾರುಣ್ಯ ಶಿಕ್ಷಣ ಕಾರ್ಯಕ್ರಮ ಬಂತು. 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. 2020ರಲ್ಲಿ ಆಯುಷ್ಮಾನ್ ಭಾರತದಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು: ಹನ್ನೊಂದು ವಿಷಯ, ಶಾಲೆಗೆ ಇಬ್ಬರು ತರಬೇತಾದ ಶಿಕ್ಷಕರು, ಆದಷ್ಟೂ ಒಬ್ಬರು ಗಂಡು ಒಬ್ಬರು ಹೆಣ್ಣು. ಯೋಜನೆಗಳೆಲ್ಲ ಬಂದವು, ತರಗತಿಯ ಬಾಗಿಲಿನ ಹತ್ತಿರ ಮಾತ್ರ 'ಮುಂದಿನ ವರ್ಷದಿಂದ ನೋಡೋಣ' ಎಂಬ ಮಾತು ಕಾವಲು ಕೂತಿದೆ.

ಎರಡನೆಯದು ಪ್ರಧ್ವಂಸಾಭಾವ. ಇದ್ದ ಮಡಕೆ ಒಡೆದ ಮೇಲಿನ ಇಲ್ಲದಿರುವಿಕೆ. ಇದಕ್ಕೆ 2007ರ ಉದಾಹರಣೆ ಸಾಕು. ತಾರುಣ್ಯ ಶಿಕ್ಷಣದ ಕೈಪಿಡಿ, ಚಿತ್ರಪಟಗಳು ಶಾಲೆಗೆ ಬಂದಾಗ, ಅವುಗಳಲ್ಲಿದ್ದ ಶರೀರದ ಚಿತ್ರಗಳನ್ನು ನೋಡಿ ದೊಡ್ಡವರು ಬೆಚ್ಚಿದರು. ಹಲವು ರಾಜ್ಯಗಳು ಬೇಡವೆಂದವು. ಕರ್ನಾಟಕವೂ ಆ ಸಾಲಿನಲ್ಲಿತ್ತು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ, ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ, ಮದುವೆಗೆ ಮುಂಚೆ ಸಂಬಂಧ ತಪ್ಪು ಎಂಬ ಸಂದೇಶ ಹೋಗಲಿ ಎಂದು ವರದಿ ಕೊಟ್ಟಿತು. ಆ ವರ್ಷ ಎಂಟನೇ ತರಗತಿಯಲ್ಲಿದ್ದ ಮಕ್ಕಳಿಗೆ ಈಗ ಮೂವತ್ತು ದಾಟುತ್ತಿದೆ. ಅವರ ಮಕ್ಕಳು ಶಾಲೆಯಲ್ಲಿದ್ದಾರೆ. ಹೇಳದಿರುವ ವಿದ್ಯೆ ಒಂದು ತಲೆಮಾರು ದಾಟಿ ಇನ್ನೊಂದಕ್ಕೆ ಸಂದಿದೆ.

ಮೂರನೆಯದು ಅತ್ಯಂತಾಭಾವ. ಮೂರು ಕಾಲದಲ್ಲೂ ಇಲ್ಲದಿರುವುದು. ಶಾಲೆ ಬಿಟ್ಟು ಕೆಲಸಕ್ಕೆ ಹೋದ ಹುಡುಗ, ಅಂಗವಿಕಲ ಹುಡುಗಿ, ತಾನು ಗಂಡೋ ಹೆಣ್ಣೋ ಎಂಬ ಗೊಂದಲದಲ್ಲಿರುವ ಮಗು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪಾಠ ಹಿಂದೆಯೂ ಇರಲಿಲ್ಲ, ಈಗಲೂ ಕಾಣುತ್ತಿಲ್ಲ.

ನಾಲ್ಕನೆಯದು ಅನ್ಯೋನ್ಯಾಭಾವ. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ ಎಂಬಂಥದ್ದು. 'ನಮ್ಮ ಶಾಲೇಲಿ ಎಲ್ಲ ಹೇಳಿಕೊಡ್ತೀವಿ' ಎನ್ನುವ ಮುಖ್ಯೋಪಾಧ್ಯಾಯರನ್ನು ಏನು ಹೇಳಿಕೊಡುತ್ತೀರಿ ಎಂದು ಕೇಳಿ. ಒಬ್ಬರು ಮೌಲ್ಯ ಶಿಕ್ಷಣ ಎನ್ನುತ್ತಾರೆ, ಇನ್ನೊಬ್ಬರು ಯೋಗ, ಮತ್ತೊಬ್ಬರು ಸ್ವಚ್ಛತೆ. ಎಲ್ಲವೂ ಒಳ್ಳೆಯವೇ. ಕೇಳಿದ್ದು ಮಾತ್ರ ಅದಲ್ಲ.

2. ಅಧ್ಯಾಪಕ ಪ್ರಕರಣ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯ ಇದ್ದೇ ಇದೆ. ಅದನ್ನು ದಾಟುವ ಕ್ರಮದ ಮೇಲೆ ಅಧ್ಯಾಪಕರಲ್ಲಿ ಆರು ಪಂಥಗಳು.

ಹೈಡ್ರಾವಾದಿಗಳು: ಅಧ್ಯಾಯದ ಮೊದಲಿಗೆ ಬರುವ ಯೀಸ್ಟ್, ಸ್ಪೈರೋಗೈರಾ, ಹೈಡ್ರಾಗಳ ಮೇಲೆ ಇವರಿಗೆ ಅಪಾರ ಭಕ್ತಿ. ಹೈಡ್ರಾದ ಪಕ್ಕದಲ್ಲಿ ಮೊಗ್ಗು ಮೂಡಿ, ಬೆಳೆದು, ಕಳಚಿಕೊಂಡು ಹೋಗುವುದನ್ನು ಮೂರು ಪೀರಿಯಡ್ ಹೇಳುತ್ತಾರೆ. ಇನ್ನೊಬ್ಬರ ಸಹಾಯವಿಲ್ಲದೆ ಸಂಸಾರ ಮಾಡುವ ಈ ಜೀವಿಯಷ್ಟು ಸಭ್ಯ ಪ್ರಾಣಿ ಪಠ್ಯದಲ್ಲೇ ಇಲ್ಲ.

ದಾಸವಾಳವಾದಿಗಳು: ಮನೆಯ ಹಿತ್ತಿಲಿಂದ ದಾಸವಾಳ ತಂದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಪರಾಗ, ಶಲಾಕಾಗ್ರ, ಅಂಡಾಶಯ ಎಂದು ಒಂದೊಂದಾಗಿ ತೋರಿಸುತ್ತಾರೆ. ಹೂವಿನ ನೀಳಛೇದ ನೋಟ ಪರೀಕ್ಷೆಗೆ ಬರುವ ಚಿತ್ರ, ಅಂಕ ಖಚಿತ. ಮೇಟಗಳ್ಳಿಯ ಮಕ್ಕಳಿಗೆ ದಾಸವಾಳದ ಅಂಡಾಶಯ ಎಲ್ಲಿದೆ ಎಂಬುದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ತಮ್ಮದು ಎಲ್ಲಿದೆ ಎಂದು ಕೇಳಬೇಡಿ.

ಸ್ವಾಧ್ಯಾಯವಾದಿಗಳು: ಮನುಷ್ಯರ ಪುಟ ಬಂದೊಡನೆ 'ಇದು ಸುಲಭ ಇದೆ, ಮನೇಲಿ ಓದ್ಕೊಂಡ್ ಬನ್ನಿ' ಎಂದು ಮುಂದಿನ ಅಧ್ಯಾಯಕ್ಕೆ ಹೋಗುವವರು. ಇಡೀ ಪುಸ್ತಕದಲ್ಲಿ ಮಕ್ಕಳು ಹೇಳದೆಯೇ ಓದಿಕೊಳ್ಳುವ ಪುಟ ಇದೊಂದೇ ಎಂಬುದು ನಿಜ.

ವಿಭಜನವಾದಿಗಳು: ಹುಡುಗಿಯರನ್ನು ಮಾತ್ರ ಸಭಾಂಗಣಕ್ಕೆ ಕರೆದು, ಬಾಗಿಲು ಹಾಕಿ, ಹುಡುಗರನ್ನು ಮೈದಾನಕ್ಕೆ ಅಟ್ಟುವವರು. ಮುಕ್ಕಾಲು ಗಂಟೆಯ ಮೇಲೆ ಹುಡುಗಿಯರು ಒಂದು ಪೊಟ್ಟಣದೊಂದಿಗೆ, ಹುಡುಗರು ಕ್ರಿಕೆಟ್ ಸ್ಕೋರಿನೊಂದಿಗೆ ಹಿಂದಿರುಗುತ್ತಾರೆ. ಮುಟ್ಟು ಎಂದರೆ ಹುಡುಗಿಯರ ಗುಟ್ಟು, ತಮಾಷೆ ಮಾಡುವುದು ಹುಡುಗರ ಹಕ್ಕು ಎಂಬ ಪಾಠ ಎರಡೂ ಕಡೆಗೆ ಅಚ್ಚುಕಟ್ಟಾಗಿ ತಲುಪುತ್ತದೆ.

ಅತಿಥಿವಾದಿಗಳು: ವರ್ಷಕ್ಕೊಮ್ಮೆ ಡಾಕ್ಟರನ್ನು ಕರೆಸುವವರು. ಪ್ರಾರ್ಥನೆ, ಸ್ವಾಗತ, ಹಾರ, ಅಧ್ಯಕ್ಷರ ನುಡಿ, ವಂದನಾರ್ಪಣೆಗಳನ್ನು ಕಳೆದರೆ ಉಳಿಯುವ ವೇಳೆಯಲ್ಲಿ ಡಾಕ್ಟರು ಸೊಪ್ಪು ತಿನ್ನಿ, ರಕ್ತಹೀನತೆ ತಡೆಯಿರಿ ಎಂದು ಹೇಳಿ ಹೋಗುತ್ತಾರೆ.

ಆರನೆಯವರು ಪುಟವನ್ನು ಪುಟದಂತೆಯೇ ಓದಿ ಹೇಳುವವರು. ಇವರ ತರಗತಿಯಲ್ಲಿ ಮೊದಲ ಐದು ನಿಮಿಷ ಕಿಸಿಕಿಸಿ ನಗು. ಆಮೇಲೆ ಕೊನೇ ಬೆಂಚಿನಿಂದ ಪ್ರಶ್ನೆ: 'ಮಿಸ್, ಕಾಪರ್-ಟಿ ಅಂದ್ರೆ ತಾಮ್ರ ಅಲ್ವಾ? ಕರೆಂಟ್ ಹೊಡಿಯಲ್ವಾ?' ಮಿಸ್ಸು ನಗದೆ 'ಒಳಗೆ ಕರೆಂಟ್ ಸಪ್ಲೈ ಇಲ್ಲ ಕಣೋ. ತಾಮ್ರದಿಂದ ವೀರ್ಯಾಣುವಿಗೆ ಕೆಲಸ ಮಾಡೋಕಾಗಲ್ಲ, ಅಷ್ಟೇ' ಎನ್ನುತ್ತಾರೆ. ಕಿಸಿಕಿಸಿ ಅಲ್ಲಿಗೆ ನಿಲ್ಲುತ್ತದೆ. ಪ್ರಶ್ನೆಗಳು ಶುರುವಾಗುತ್ತವೆ.

ಮೊದಲ ಐದು ಪಂಥದವರನ್ನು ಹೇಡಿಗಳೆಂದು ಹಳಿಯುವುದು ಅನ್ಯಾಯ. ಪಾಠ ಮಾಡಿದ ಸಂಜೆಯೇ ಪೋಷಕರು ಗೇಟಿನ ಮುಂದೆ ನಿಂತರೆ, ಯಾರೋ ತುಣುಕು ವಿಡಿಯೋ ಹರಿಯಬಿಟ್ಟರೆ, ಬೆನ್ನಿಗೆ ನಿಲ್ಲುವವರು ಯಾರು? ತರಬೇತಿಯೂ ಇಲ್ಲ, ರಕ್ಷಣೆಯೂ ಇಲ್ಲ. ಹೈಡ್ರಾ ಮಾತ್ರ ಇದೆ.

3. ಗೃಹ ಮತ್ತು ಅಂಗಡಿ ಪ್ರಕರಣ

ಮನೆಯಲ್ಲಿ ಈ ಶಾಸ್ತ್ರದ ಅತ್ಯುನ್ನತ ಪ್ರಯೋಗ ಹುಡುಗಿ ಮೈನೆರೆದಾಗ. ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕುತ್ತಾನೆ. ಆರತಿ ಎತ್ತುತ್ತಾರೆ, ಚಿಗಳಿ ತಿನ್ನಿಸುತ್ತಾರೆ, ಕೊಬ್ಬರಿ ಬೆಲ್ಲ ಕೊಡುತ್ತಾರೆ. ಅನುಕೂಲಸ್ಥರು ಹುಡುಗಿಯ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಸಿ ಊಟ ಹಾಕಿಸುತ್ತಾರೆ. ಯಾವ ವಾರ, ಯಾವ ತಿಥಿ, ಯಾವ ನಕ್ಷತ್ರದಲ್ಲಿ ಆದರೆ ಏನು ಫಲ ಎಂದು ಪಂಚಾಂಗ ತೆಗೆದು ನೋಡುವವರೂ ಇದ್ದಾರೆ. ಹೀಗೆ ಅವಳಿಗೆ ಮುಟ್ಟಾದ ಸುದ್ದಿ ಬೀದಿಗೆಲ್ಲ ಗೊತ್ತಾಗುತ್ತದೆ. ಯಾಕಾಯಿತು, ಮುಂದಿನದು ಯಾವಾಗ, ಎಷ್ಟು ದಿನ, ಎಷ್ಟು ನೋವು ಸಹಜ, ಎಷ್ಟಾದರೆ ಡಾಕ್ಟರ ಹತ್ತಿರ ಹೋಗಬೇಕು ಎಂಬುದನ್ನು ಗುಡ್ಲಿನೊಳಗೆ ಕೂತವಳಿಗೆ ಹೇಳಿದವರಿಲ್ಲ. ಅವಳಿಗೆ ಸಿಗುವ ಉಪದೇಶ ಒಂದೇ: 'ಇನ್ಮೇಲೆ ಹುಡುಗರ ಜೊತೆ ಆಡ್ಬೇಡ ಕಣಮ್ಮ.'

ಅಂಗಡಿಯ ಪ್ರಯೋಗ ಇನ್ನೂ ಸೂಕ್ಷ್ಮ. ಮೆಡಿಕಲ್ ಸ್ಟೋರಿನಲ್ಲಿ ಕೆಮ್ಮಿನ ಸಿರಪ್ಪಿಗೆ ಕವರು ಕೇಳಿದರೆ 'ಕೈಲೇ ತಗೊಂಡ್ಹೋಗಿ' ಎನ್ನುವ ಅದೇ ಹುಡುಗ, ಪ್ಯಾಡಿನ ಪೊಟ್ಟಣವನ್ನು ಕೇಳದೆಯೇ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕವರು ಹಾಕಿ, ಗಂಟು ಬಿಗಿದು ಕೊಡುತ್ತಾನೆ. ದೂರದಿಂದ ನೋಡಿದವರಿಗೂ ಒಳಗೇನಿದೆ ಎಂದು ತಿಳಿಯಲೆಂದೇ ಆ ಕಪ್ಪು ಕವರು ಎನ್ನುವುದು ಭಾಷ್ಯಕಾರರ ಮತ. ಕಾಂಡೋಮ್ ಕೊಳ್ಳುವವರದ್ದು ಸ್ಥಳಾಂತರ ನ್ಯಾಯ. ಮೇಟಗಳ್ಳಿಯವನು ಗುರುತಿನವರು ಸಿಕ್ಕಾರೆಂದು ಹೆಬ್ಬಾಳಿಗೆ ಹೋಗುತ್ತಾನೆ, ಹೆಬ್ಬಾಳಿನವನು ಅದೇ ಭಯಕ್ಕೆ ಮೇಟಗಳ್ಳಿಗೆ ಬರುತ್ತಾನೆ. ರಿಂಗ್ ರೋಡಿನಲ್ಲಿ ಇಬ್ಬರೂ ಎದುರಾಗುತ್ತಾರೆ.

4. ಪ್ರಮಾಣ ಪ್ರಕರಣ

ಹೇಳುವವರಿಲ್ಲದಿದ್ದರೂ ಜ್ಞಾನ ಹುಟ್ಟದೆ ಇರುವುದಿಲ್ಲ. ಮಕ್ಕಳಿಗೆ ಅದು ಎಲ್ಲಿಂದ ಬರುತ್ತದೆ? ಪ್ರತ್ಯಕ್ಷ ಪ್ರಮಾಣವೆಂದರೆ ಮೊಬೈಲು. ಅಲ್ಲಿ ಕಾಣುವುದು ನಟನೆ, ಕೆಲವೊಮ್ಮೆ ನಟನೆಯ ಹೆಸರಿನ ಹಿಂಸೆ. ನೋಡುವ ಹದಿನಾಲ್ಕರ ಹುಡುಗನಿಗೆ ಅದೇ ಪಠ್ಯಪುಸ್ತಕ. ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ: 'ಮಗಾ, ನಮ್ಮಣ್ಣ ಹೇಳಿದ್ದು, ಏನೂ ಆಗಲ್ಲ.' ಆ ಅಣ್ಣನಿಗೆ ಹೇಳಿದವನು ಇನ್ನೊಬ್ಬ ಅಣ್ಣ. ಮೂಲ ಅಣ್ಣ ಯಾರೆಂಬುದು ಸಂಶೋಧನೆಗೆ ನಿಲುಕಿಲ್ಲ. ಇನ್ನು ಗೋಡೆಯ ಶಾಸನಗಳು: ಬಸ್ ನಿಲ್ದಾಣದ ಶೌಚಾಲಯದ ಗೋಡೆಗೆ ಅಂಟಿಸಿದ 'ಗುಪ್ತರೋಗ, ನರದೌರ್ಬಲ್ಯಕ್ಕೆ ಶರ್ತಿಯಾ ಚಿಕಿತ್ಸೆ'. ಇಲ್ಲದ ರೋಗದ ಭಯ ಹುಟ್ಟಿಸಿ ಇಲ್ಲದ ಔಷಧ ಮಾರುವ ಈ ವ್ಯಾಪಾರ ನಡೆಯುತ್ತಿರುವುದೇ ಶಾಲೆಯ ಮೌನದ ಬಂಡವಾಳದ ಮೇಲೆ.

ಕನ್ನಡದಲ್ಲಿ ಒಳ್ಳೆಯ ಪ್ರಮಾಣ ಗ್ರಂಥಗಳಿಲ್ಲವೆಂದಲ್ಲ. ಡಾ. ಅನುಪಮಾ ನಿರಂಜನ 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ' ಬರೆದು ದಶಕಗಳೇ ಆದವು. ಮನೆಗಳಲ್ಲಿ ಅಂಥ ಪುಸ್ತಕ ಬೀರುವಿನಲ್ಲಿ ಸೀರೆಯ ಕೆಳಗಿರುತ್ತಿತ್ತು. ಮಕ್ಕಳು ಅಲ್ಲಿಂದಲೇ ತೆಗೆದು ಓದಿ, ಮಡಿಕೆ ಕೆಡದಂತೆ ವಾಪಸಿಡುತ್ತಿದ್ದರು.

5. ಯುವ ಪ್ರಕರಣ

ಈಗ ಈ ಶಾಸ್ತ್ರಕ್ಕೆ ಬಂದಿರುವ ಕಂಟಕ ಹೇಳಬೇಕು. ಎಳೆಯರು ಕೇಳಲು ಶುರು ಮಾಡಿದ್ದಾರೆ. ಕೇಳುವವರಲ್ಲಿ ಹಲವು ಜಾತಿ.

ಚೀಟಿಕಾರರು: ಹೆಸರಿಲ್ಲದೆ ಪ್ರಶ್ನೆಪೆಟ್ಟಿಗೆಗೆ ಚೀಟಿ ಹಾಕುವವರು. ಕೈಬರಹ ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆಯುವವರೂ ಇದ್ದಾರೆ. ಚೀಟಿಗಳು ಇಂಥವು. 'ಎರಡು ತಿಂಗಳು ಮುಟ್ಟು ಬರಲಿಲ್ಲ ಅಂದರೆ ಕಾಯಿಲೆನಾ?' 'ಹಸ್ತಮೈಥುನ ಮಾಡಿದರೆ ನೆನಪಿನ ಶಕ್ತಿ ಹೋಗುತ್ತಾ?' 'ಮನೆಗೆ ಬರುವ ಒಬ್ಬರು ನನ್ನನ್ನು ಮುಟ್ಟುತ್ತಾರೆ, ಯಾರಿಗೆ ಹೇಳಲಿ?' ಮೂರನೆಯ ಬಗೆಯ ಚೀಟಿಯನ್ನು ಯಾವ ವರ್ಗದಲ್ಲಿಡಬೇಕೆಂದು ಈ ಗ್ರಂಥಕರ್ತನಿಗೆ ತಿಳಿಯದು. ಪೆಟ್ಟಿಗೆಯೇ ಇಲ್ಲದ ಶಾಲೆಯಲ್ಲಿ ಆ ಚೀಟಿ ಎಲ್ಲಿಗೆ ಹೋಗಬೇಕೆಂಬುದೂ ತಿಳಿಯದು.

ಸಮವಯಸ್ಕರು: ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಲೆಕ್ಕದಲ್ಲಿ ಸಾವಿರ ಜನಸಂಖ್ಯೆಗೆ ನಾಲ್ವರು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ತಮ್ಮ ವಯಸ್ಸಿನವರಿಗೆ ತಿಳಿಹೇಳಬೇಕು. ರಾಜ್ಯದ್ದೇ ಆದ, ನಿಮ್ಹಾನ್ಸ್ ಜೊತೆಗಿನ 'ಯುವ ಸ್ಪಂದನ'ದಲ್ಲಿ ಯುವ ಪರಿವರ್ತಕರಿದ್ದಾರೆ. ಓದು, ಉದ್ಯೋಗದ ಚಿಂತೆಯ ಜೊತೆಗೆ ಪ್ರೀತಿ, ಸಂಬಂಧ, ಲೈಂಗಿಕತೆಯ ಗೊಂದಲಗಳನ್ನೂ ಅಲ್ಲಿ ಮಾತಾಡಬಹುದು. ಹದಿನಾರರವರಿಗೆ ಹದಿನೆಂಟರ ಅಕ್ಕನ ಮಾತು ರುಚಿಸುವಷ್ಟು ಐವತ್ತರ ಅಧಿಕಾರಿಯ ಮಾತು ರುಚಿಸದು.

ಮೆರವಣಿಗೆಯವರು: ಡಿಸೆಂಬರ್ 1ರಂದು ಕೆಂಪು ರಿಬ್ಬನ್ ಧರಿಸಿ ಘೋಷಣೆ ಕೂಗುವ ರೆಡ್ ರಿಬ್ಬನ್ ಕ್ಲಬ್ಬಿನವರು, ಎನ್ನೆಸ್ಸೆಸ್ಸಿನವರು. ಡಿಸೆಂಬರ್ 2ರಂದು ಇವರಲ್ಲಿ ಎಷ್ಟು ಮಂದಿ ಉಳಿಯುತ್ತಾರೋ ಅಷ್ಟೇ ನಿಜವಾದವರು. ಆದರೂ ನಡುಬೀದಿಯಲ್ಲಿ ಕಾಂಡೋಮ್ ಎಂಬ ಶಬ್ದವನ್ನು ಮೈಕಿನಲ್ಲಿ ಹೇಳಿದ ಪುಣ್ಯ ಎಲ್ಲರಿಗೂ ಸಲ್ಲಬೇಕು.

ಸಂಘಟಿತರು: ಇವರ ವಂಶಾವಳಿ ಮೈಸೂರಿನಲ್ಲಿ ಗಟ್ಟಿಯಾಗಿದೆ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಜೊತೆ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಆರೋಗ್ಯದ ಕೆಲಸ ಹಿಡಿಯಿತು. ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ನಡೆಸುವ ಆಶೋದಯ ಸಮಿತಿ ಮೈಸೂರಿನದೇ. ಎಚ್‌ಐವಿ ತಡೆಯ ಪಾಠವನ್ನು ಇಲ್ಲಿ ಡಾಕ್ಟರುಗಳು ಅವರಿಂದ ಕಲಿತರು. ಶೋಷಣೆಗೆ ಸಿಕ್ಕ ಹೆಣ್ಣುಮಕ್ಕಳಿಗೆ ಆಸರೆಯಾದ ಒಡನಾಡಿ, ಮೇಟಗಳ್ಳಿಯ ನೆರೆಯ ಹೂಟಗಳ್ಳಿಯಲ್ಲಿದೆ. ಬೆಂಗಳೂರಿನಲ್ಲಿ 2001ರಲ್ಲಿ ಇಬ್ಬರು ಸ್ತ್ರೀರೋಗ ತಜ್ಞೆಯರು, ಸಂಗೀತಾ ಸಕ್ಸೇನಾ ಮತ್ತು ಶೈಬ್ಯಾ ಸಲ್ಡಾನ, ಎನ್‌ಫೋಲ್ಡ್ ಸಂಸ್ಥೆ ಕಟ್ಟಿ ಮಕ್ಕಳಿಗೆ ಮೈಯ ಪಾಠ ಹೇಳುವುದನ್ನೇ ಕೆಲಸ ಮಾಡಿಕೊಂಡರು.

ಮನೆಮುರುಕರು: ಈ ಹೆಸರು ನಾವಿಟ್ಟದ್ದಲ್ಲ, ನೆಂಟರಿಟ್ಟದ್ದು. ಗೆಳತಿಗೆ ಹದಿನಾರಕ್ಕೆ ಮದುವೆ ಗೊತ್ತಾಗಿದೆ ಎಂದು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುವ ಹುಡುಗಿ ಈ ವರ್ಗಕ್ಕೆ ಸೇರುತ್ತಾಳೆ. ಛತ್ರದ ಮುಂಗಡ ಹೋಯಿತೆಂದು ಹಿರಿಯರು ಶಪಿಸುತ್ತಾರೆ. ಗೆಳತಿ ಪಿಯುಸಿ ಓದುತ್ತಾಳೆ.

6. ಪೂರ್ವಪಕ್ಷ ಮತ್ತು ಸಮಾಧಾನ

ಮೊದಲ ಪೂರ್ವಪಕ್ಷ: ಹೇಳಿದರೆ ಮಕ್ಕಳು ಕೆಟ್ಟುಹೋಗುತ್ತಾರೆ. ಸಮಾಧಾನ: 2018ರಲ್ಲಿ ಯುನೆಸ್ಕೋ, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಹಲವು ದೇಶಗಳ ಅಧ್ಯಯನಗಳನ್ನು ಸೋಸಿ ಹೊರತಂದ ಮಾರ್ಗಸೂಚಿ ಹೇಳುವುದು ಬೇರೆಯೇ. ಸರಿಯಾದ ಪಾಠ ಕೇಳಿದ ಮಕ್ಕಳು ಅವಸರ ಮಾಡುವುದಿಲ್ಲ, ಎಚ್ಚರಿಕೆ ಹೆಚ್ಚುತ್ತದೆ. 2024ರ ಸೆಪ್ಟೆಂಬರಿನಲ್ಲಿ ಮಕ್ಕಳ ಅಶ್ಲೀಲ ದೃಶ್ಯಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸಮಗ್ರ ಲೈಂಗಿಕ ಶಿಕ್ಷಣಕ್ಕೆ ಸಲಹೆ ಮಾಡಿತು. 2025ರ ಅಕ್ಟೋಬರಿನಲ್ಲಿ, ಒಂಬತ್ತನೇ ತರಗತಿಯವರೆಗೆ ಕಾಯಬೇಡಿ, ಇನ್ನೂ ಚಿಕ್ಕವರಿದ್ದಾಗಲೇ ಶುರು ಮಾಡಿ ಎಂದಿತು.

ಎರಡನೆಯದು: ಇದು ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದದ್ದು. ಸಮಾಧಾನ: ಹನ್ನೊಂದನೆಯ ಶತಮಾನದಲ್ಲೇ ಚಂದ್ರರಾಜ 'ಮದನತಿಲಕ'ವನ್ನು ಕನ್ನಡದಲ್ಲಿ ಬರೆದಿದ್ದಾನೆ. ಅಷ್ಟು ದೂರ ಬೇಡವೆಂದರೆ 1930ಕ್ಕೆ ಬನ್ನಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಿತು. ಸರ್ಕಾರವೇ ತೆರೆದಂಥವುಗಳಲ್ಲಿ ಜಗತ್ತಿಗೇ ಮೊದಲನೆಯದೆಂದು ಇತಿಹಾಸಕಾರರು ಅದನ್ನು ನೆನೆಯುತ್ತಾರೆ. 1950ರ ದಶಕದ ಮೊದಲಿಗೆ ರಾಮನಗರದ ಹೆಣ್ಣುಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗದಲ್ಲಿ ಬಣ್ಣಬಣ್ಣದ ಮಣಿಸರ ಹಂಚಿದರು. ದಿನಕ್ಕೊಂದು ಮಣಿ ಸರಿಸುತ್ತ ಹೋದರೆ, ಗರ್ಭ ನಿಲ್ಲುವ ದಿನ ಯಾವುದು, ನಿಲ್ಲದ ದಿನ ಯಾವುದೆಂದು ಬಣ್ಣ ನೋಡಿ ತಿಳಿಯಬೇಕು. ಪ್ರಯೋಗ ಕೈಹಿಡಿಯಲಿಲ್ಲ. ಆದರೆ ಆ ಸರ ಕಟ್ಟಿಕೊಂಡವರು ಈಗಿನವರ ಅಜ್ಜಿಯರು. ಸಂಕೋಚ ಪರಂಪರೆಯಿಂದ ಬಂತೆನ್ನುವವರು ಆ ಪರಂಪರೆಯ ಲೆಕ್ಕಪುಸ್ತಕ ತೆಗೆದು ನೋಡಬೇಕು.

ಮೂರನೆಯದು: ಮದುವೆಯಾದ ಮೇಲೆ ತಾನೇ ತಿಳಿಯುತ್ತದೆ. ಸಮಾಧಾನ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿಗೆ ಹದಿನೆಂಟು ತುಂಬುವ ಮುಂಚೆಯೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ತಾನೇ ತಿಳಿಯುವ ವೇಳೆಗೆ ಅವಳ ಕಂಕುಳಲ್ಲಿ ಮಗು.

ನಾಲ್ಕನೆಯದು: ಇದೆಲ್ಲ ಹೆಂಗಸರ ವಿಷಯ, ಹುಡುಗರಿಗ್ಯಾಕೆ? ಸಮಾಧಾನವೂ ಅದೇ ಸಮೀಕ್ಷೆಯಲ್ಲಿದೆ. ರಾಜ್ಯದ ವಿವಾಹಿತೆಯರಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು ಶೇ. 57.4. ಗಂಡಸರದ್ದು ಶೇ. 0.0. ವ್ಯಾಸೆಕ್ಟಮಿ ಹೆಣ್ಣಿನ ಆಪರೇಷನ್ನಿಗಿಂತ ಸರಳ, ಅದೇ ದಿನ ಮನೆಗೆ ಹೋಗಬಹುದು ಎಂದು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗನಿಗೆ ಯಾರೂ ಹೇಳಲಿಲ್ಲ. ಅವನು ಗಂಡನಾದ. ಬೇಕಾದರೆ ಅಭಾವ ಪ್ರಕರಣಕ್ಕೆ ಹಿಂದಿರುಗಿ ಈ 0.0 ಯಾವ ಅಭಾವವೆಂದು ಓದುಗರೇ ನಿರ್ಣಯಿಸಬಹುದು.

7. ನ್ಯಾಯ ಪ್ರಕರಣ

ಪಾಠ ಹೇಳಿಬಿಟ್ಟರೆ ಎಲ್ಲ ಮುಗಿಯಿತೆನ್ನುವವರ ಪಂಥವೂ ಒಂದಿದೆ. ಅದನ್ನು ಇಲ್ಲೇ ಖಂಡಿಸಬೇಕು. 1994ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಕಪ್ಪು ಹೆಂಗಸರ ಒಂದು ಗುಂಪು ಪುನರುತ್ಪತ್ತಿಯ ನ್ಯಾಯ ಎಂಬ ವಿಚಾರ ಮುಂದಿಟ್ಟಿತು. ಮಗು ಬೇಡವೆನ್ನುವ ಹಕ್ಕು, ಬೇಕೆನ್ನುವ ಹಕ್ಕು, ಹುಟ್ಟಿದ ಮಗುವನ್ನು ನೆಮ್ಮದಿಯಿಂದ ಸಾಕುವ ಹಕ್ಕು ಮೂರೂ ಒಟ್ಟಿಗೆ ಇರಬೇಕು. ಕೈಯಲ್ಲಿ ಕಾಸು, ಹತ್ತಿರದಲ್ಲಿ ಆಸ್ಪತ್ರೆ, ಮನೆಯಲ್ಲಿ ಮಾತಿಗೆ ಬೆಲೆ ಇಲ್ಲದವಳಿಗೆ ಕಾಗದದ ಮೇಲಿನ ಹಕ್ಕು ಹಕ್ಕಲ್ಲ ಎಂದಿತು. ಶಿಕಾಗೋದ ಮಾತು ಕೆ.ಆರ್.ಎಸ್. ರಸ್ತೆಗೆ ಹೊಂದುತ್ತದೆಯೇ ಎಂದರೆ, ಹೊಂದುತ್ತದೆ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ದೊಡ್ಡ ಹೆಜ್ಜೆ. ಆದರೆ ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ನಿಂತವಳಿಗೆ ಮೇಸ್ತ್ರಿಯ ಮುಂದೆ ಆ ಮಾತು ಹೇಳಲು ಬಾಯಿ ಬರಬೇಕಲ್ಲ? ಹದಿಮೂರನೇ ವಯಸ್ಸಿನಿಂದ 'ಹೊಟ್ಟೆನೋವು' ಎಂದಷ್ಟೇ ಹೇಳಿ ಅಭ್ಯಾಸವಾದವಳು ಅವಳು. ಶಾಲೆಯ ಹುಡುಗಿಯರಿಗೆ ಪ್ಯಾಡು ಕೊಡುವ ಶುಚಿ ಯೋಜನೆ 2013-14ರಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ನಿಂತುಹೋಗಿ, 2024ರಲ್ಲಿ ಮತ್ತೆ ಚಾಲೂ ಆಯಿತು. ಯೋಜನೆ ನಿಂತಿತೆಂದು ಮುಟ್ಟು ನಿಲ್ಲಲಿಲ್ಲ.

2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗರ್ಭಪಾತದ ಕಾನೂನಿನಲ್ಲಿ ಮದುವೆಯಾದವಳು ಆಗದವಳು ಎಂಬ ಭೇದ ಸಲ್ಲದು ಎಂದಿತು. ಅಪ್ರಾಪ್ತ ಹುಡುಗಿ ಗರ್ಭಪಾತಕ್ಕೆ ಬಂದರೆ ಪೊಲೀಸರಿಗೆ ತಿಳಿಸುವಾಗ ಅವಳ ಹೆಸರು, ಗುರುತು ಕೊಡಬೇಕಾಗಿಲ್ಲ ಎಂದೂ ಹೇಳಿತು. ಮಕ್ಕಳನ್ನು ಲೈಂಗಿಕ ಅಪರಾಧದಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯಡಿ ಕೇಸಾದೀತೆಂಬ ಭಯಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಅಂಗಡಿಯ ಮಾತ್ರೆ ನುಂಗಿ ರಕ್ತಸ್ರಾವದಲ್ಲಿ ಸಾಯುವ ಹುಡುಗಿಗೆ ಇದು ಜೀವ ಉಳಿಸುವ ಮಾತು. ಆದರೆ ಈ ತೀರ್ಪು ಹುಡುಗಿಗೆ ಗೊತ್ತಿರಬೇಕು, ಅವಳ ತಾಯಿಗೆ ಗೊತ್ತಿರಬೇಕು, ಚೀಟಿ ಬರೆಯುವ ಕೌಂಟರಿನವರಿಗೂ ಗೊತ್ತಿರಬೇಕು.

ಇನ್ನೊಂದು ಕಡೆ, ಬೇಡದ್ದಕ್ಕೆ ಎಲ್ಲ ಸೌಕರ್ಯವೂ ಒದಗುತ್ತದೆ. 2023ರ ಕೊನೆಯಲ್ಲಿ ಬಯಲಾದ ಹೆಣ್ಣುಭ್ರೂಣ ಹತ್ಯೆಯ ಜಾಲದಲ್ಲಿ, ಮಂಡ್ಯ ಜಿಲ್ಲೆಯ ಆಲೆಮನೆಯೊಂದಕ್ಕೆ ಸ್ಕ್ಯಾನಿಂಗ್ ಯಂತ್ರ ಬಂದಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಗರ್ಭದ ಲಿಂಗ ನೋಡಿದರು. ಜಾಲದ ಎಳೆ ಮೈಸೂರಿಗೂ ಬಂತು. ಕಲಬುರಗಿಯ ತಾಂಡಾಗಳಲ್ಲಿ ಹೊಟ್ಟೆನೋವೆಂದು ಹೋದ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನು ತೆಗೆದುಹಾಕಿದ್ದರ ವಿರುದ್ಧ 2015ರ ಸುಮಾರಿಗೆ ಅವರೇ ಬೀದಿಗಿಳಿದರು. ಮಗು ತಡೆಯುವ ಮಾಹಿತಿ ಊರೊಳಗೆ ಬರಲು ನಾಚುತ್ತದೆ. ಹೆಣ್ಣಿನ ಗರ್ಭದ ಮೇಲೆ ನಡೆಯುವ ವ್ಯಾಪಾರಕ್ಕೆ ಎಂದೂ ನಾಚಿಕೆಯಾಗಿಲ್ಲ.

ಆದ್ದರಿಂದ ಎಳೆಯರು ಕೇಳುತ್ತಿರುವುದನ್ನು ಹೀಗೆ ಸಂಗ್ರಹಿಸಬಹುದು. ಬೇಕಾಗುವ ಮುಂಚೆ ಹೇಳಿ. ಹುಡುಗರನ್ನೂ ಕೂರಿಸಿಕೊಂಡು ಹೇಳಿ. ಸರಿಯಾದ ಹೆಸರಿಟ್ಟು ಹೇಳಿ. ಹೇಳಿದ ಮೇಲೆ ಹೋಗಲು ಒಂದು ಜಾಗ ಕೊಡಿ. ಅಲ್ಲಿರುವವರು ಉಪದೇಶಕ್ಕಿಂತ ಮೊದಲು ಚಿಕಿತ್ಸೆ ಕೊಡಲಿ, ಗುಟ್ಟು ಕಾಯಲಿ. ಇವುಗಳಲ್ಲಿ ಯಾವುದೂ ಲಂಗುಲಗಾಮಿಲ್ಲದ ಬಯಕೆಯಲ್ಲ. ಸಂಚಾರ ನಿಯಮ ಕಲಿಸಿದವರನ್ನು ಅಪಘಾತಕ್ಕೆ ಹೊಣೆ ಮಾಡುವವರು ಈ ಒಂದು ವಿಷಯದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಫಲಶ್ರುತಿ

ಈ ಗ್ರಂಥವನ್ನು ಓದಿದವರಿಗೆ ಪುಣ್ಯ ಬರುತ್ತದೆಂದು ಹೇಳಲಾರೆವು. ಬೇಕಾದ್ದು ಸಣ್ಣ ಕೆಲಸ. ನಿಮ್ಮ ಮಗು ಓದುವ ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಇದೆ, ಖಾಸಗಿ ಶಾಲೆಗೆ ಪೋಷಕರ ಸಭೆ ಇದೆ. ಮುಂದಿನ ಸಭೆಯಲ್ಲಿ ಫೀಸು, ಬಸ್ಸು, ಮಾರ್ಕ್ಸಿನ ಮಾತೆಲ್ಲ ಮುಗಿದ ಮೇಲೆ ಎದ್ದು ನಿಂತು ಕೇಳಿ: 'ಆ ಪಾಠ ಯಾವ ತಿಂಗಳು ಮಾಡ್ತೀರಿ, ಯಾರು ಮಾಡ್ತಾರೆ, ಹುಡುಗರೂ ಕೂರ್ತಾರಾ?' ಟೀಚರು ಒಪ್ಪಿ ಪಾಠ ಮಾಡಿದ ದಿನ ಯಾರಾದರೂ ಗೇಟಿನ ಹತ್ತಿರ ಗಲಾಟೆಗೆ ಬಂದರೆ, ಟೀಚರ ಪಕ್ಕದಲ್ಲಿ ನಿಂತುಕೊಳ್ಳಿ. ಮನೆಯಲ್ಲಿ ಹೇಳಲು ಬಾಯಿ ಬರದಿದ್ದರೆ ಮಕ್ಕಳಿಗೆ ಇಷ್ಟಾದರೂ ತಿಳಿಸಿ: ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ; ಆರೋಗ್ಯವಾಣಿಯ ನಂಬರ್ 104; ಯಾರಾದರೂ ಮೈಮುಟ್ಟಿ ಹಿಂಸೆ ಮಾಡಿದರೆ, ಬಲವಂತದ ಮದುವೆ ಗೊತ್ತು ಮಾಡಿದರೆ 1098. ಈ ಎರಡು ನಂಬರನ್ನು ಈವತ್ತೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಯಾಕೆಂದು ಮಗು ಕೇಳಿದರೆ ಕೆಮ್ಮಬೇಡಿ, ಉತ್ತರ ಹೇಳಿ.